ಪಂಜರದ ಫಿಂಚ್‌ಗೆ ದಿನವಿಡೀ ಏನು ಕೆಲಸ?

ಮಳೆಗಾಲ ಮುಗಿಯುತ್ತ ಬಂದಾಗ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಸಜ್ಜೆಯ ತೆನೆಗಳು ಕಾಳು ಕಟ್ಟುತ್ತವೆ. ಆಗ ಹೊಲದವರಿಗೆ ಹಕ್ಕಿ ಕಾಯುವ ಕೆಲಸ. ಕೆಲವರು ಕವಣೆ ಬೀಸುತ್ತಾರೆ. ಕೆಲವರು ತಗಡಿನ ಡಬ್ಬಿ ಬಡಿಯುತ್ತಾರೆ. ನಿಮ್ಮಲ್ಲಿಯೂ ಕೆಲವರು ಈ ಕೆಲಸ ಮಾಡಿರಬಹುದು. ಹಾಗೆ ಓಡಿಸಿದಾಗ ಒಮ್ಮೆಲೇ ಹಾರಿಹೋಗುವ ಪುಟ್ಟ ಹಕ್ಕಿಗಳ ಹಿಂಡಿನಲ್ಲಿ ಗುಬ್ಬಿಗಳಷ್ಟೇ ಇರುವುದಿಲ್ಲ. ಗುಬ್ಬಿಗಿಂತ ಸಣ್ಣದಾದ, ದಪ್ಪ ಕೊಕ್ಕಿನ ಇನ್ನೊಂದು ಹಕ್ಕಿಯೂ ಇರುತ್ತದೆ. ಅದೇ ರಾಟವಾಳ. ಇಂಗ್ಲಿಷಿನಲ್ಲಿ ಇದನ್ನು ಮುನಿಯ ಎನ್ನುತ್ತಾರೆ.

ನಮ್ಮ ಒಣ ಬೇಸಾಯದ ಹೊಲಗಳಲ್ಲಿ ಕಾಣುವ ರಾಟವಾಳದ ಬೆನ್ನು ಮಾಸಲು ಕಂದು, ಗಂಟಲು ಮತ್ತು ಹೊಟ್ಟೆ ಬಿಳುಪು, ಬಾಲ ಕಪ್ಪು. ಗಂಗಾವತಿಯ ಭತ್ತದ ಗದ್ದೆಗಳ ಕಡೆಗೆ ಹೋದರೆ ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗುರುತುಗಳಿರುವ ಚುಕ್ಕೆ ರಾಟವಾಳ ಕಾಣಬಹುದು.

ಒಂದು ರಾಟವಾಳ ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತದೆ ಎಂದು ಎಂದಾದರೂ ಗಮನಿಸಿದ್ದೀರಾ? ಬೆಳಕು ಹರಿಯುತ್ತಲೇ ಹಿಂಡಿನೊಡನೆ ಮೇವು ಹುಡುಕಿ ಹೊರಡುತ್ತದೆ. ಬಾಗುವ ಹುಲ್ಲಿನ ಕಡ್ಡಿಗೆ ಕಾಲಿನಿಂದ ಜೋತುಬಿದ್ದು ಬೀಜಗಳನ್ನು ಒಂದೊಂದಾಗಿ ಕೀಳುತ್ತದೆ. ಪ್ರತಿಯೊಂದು ಬೀಜವನ್ನೂ ಕೊಕ್ಕಿನಲ್ಲಿ ಉರುಳಿಸಿ, ಸಿಪ್ಪೆ ಬಿಡಿಸಿ ನುಂಗುತ್ತದೆ. ನೀರಿರುವ ಕಡೆ ಹಾರಿ ಹೋಗುತ್ತದೆ. ಕುಡಿಯುತ್ತದೆ, ಮೀಯುತ್ತದೆ. ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಸಾಲಾಗಿ, ಮೈಗೆ ಮೈ ತಾಗಿಸಿ ಕುಳಿತು ಒಂದರ ಗರಿಯನ್ನು ಇನ್ನೊಂದು ಒಪ್ಪ ಮಾಡುತ್ತದೆ. ಗಿಡುಗ ಬಂದರೆ ಎಲ್ಲವೂ ಒಟ್ಟಿಗೆ ಹಾರುತ್ತವೆ. ಗೂಡು ಕಟ್ಟುವ ಕಾಲದಲ್ಲಿ ತನ್ನ ಮೈಗಿಂತ ಉದ್ದದ ಹುಲ್ಲಿನ ಎಳೆಯನ್ನು ಎಳೆದುಕೊಂಡು ಮುಳ್ಳುಕಂಟಿಯತ್ತ ಹಾರುತ್ತದೆ. ಕೆಲವೊಮ್ಮೆ ಗೀಜಗ ಬಿಟ್ಟುಹೋದ ಹಳೆಯ ಗೂಡನ್ನೇ ತನ್ನದಾಗಿಸಿಕೊಳ್ಳುತ್ತದೆ.

ಒಂದು ದಿನಕ್ಕೆ ಎಷ್ಟೊಂದು ಕೆಲಸ! ಇದನ್ನು ನೆನಪಿನಲ್ಲಿಡಿ. ಈಗ ಪಂಜರದ ಹಕ್ಕಿಯ ಕಡೆಗೆ ಬರೋಣ.

ಅಂಗಡಿಯ ಫಿಂಚ್ ಯಾರು?

ಪಟ್ಟಣಗಳಲ್ಲಿ ಬಣ್ಣದ ಮೀನು, ಹಕ್ಕಿ ಮಾರುವ ಅಂಗಡಿಗಳಿವೆ. ಅಲ್ಲಿ ‘ಫಿಂಚ್’ ಎಂಬ ಹೆಸರಿನಲ್ಲಿ ಪುಟ್ಟ ಹಕ್ಕಿಗಳನ್ನು ಮಾರುತ್ತಾರೆ. ಹೆಚ್ಚಾಗಿ ಕಾಣುವುದು ಜೀಬ್ರಾ ಫಿಂಚ್. ಇದರ ಉದ್ದ ಸುಮಾರು 10 ಸೆಂ.ಮೀ., ತೂಕ ಸುಮಾರು 12 ಗ್ರಾಂ. ಗಂಡಿಗೆ ಕಿತ್ತಳೆ ಬಣ್ಣದ ಕೆನ್ನೆ, ಎದೆಯ ಮೇಲೆ ಜೀಬ್ರಾದಂತೆ ಗೆರೆ, ಕೆಂಪು ಕೊಕ್ಕು. ಹೆಣ್ಣು ಬೂದು ಬಣ್ಣದ್ದು. ಇದರ ತವರು ಆಸ್ಟ್ರೇಲಿಯಾದ ಒಣ ಹುಲ್ಲುಗಾವಲು. ಅಲ್ಲಿ ಇದು ದೊಡ್ಡ ಹಿಂಡುಗಳಲ್ಲಿ ಅಲೆದಾಡುತ್ತ ಹುಲ್ಲಿನ ಬೀಜ ತಿಂದು ಬದುಕುತ್ತದೆ. ಮಳೆ ಬಂದು ಹುಲ್ಲು ಚಿಗುರಿದಾಗ ಮರಿ ಮಾಡುತ್ತದೆ.

ಇನ್ನೊಂದು, ಬೆಂಗಾಲಿ ಫಿಂಚ್. ಹೆಸರು ಬಂಗಾಳದ್ದಾದರೂ ಹಕ್ಕಿ ಬಂಗಾಳದ್ದಲ್ಲ. ಸುಮಾರು 250 ವರ್ಷಗಳ ಹಿಂದೆ ಚೀನಾದಿಂದ ಜಪಾನಿಗೆ ಒಯ್ದ ಬಿಳಿಬೆನ್ನಿನ ರಾಟವಾಳವನ್ನು ಜಪಾನಿನವರು ತಲೆತಲಾಂತರದಿಂದ ಸಾಕಿ ಬೆಳೆಸಿದ ತಳಿ ಇದು. ಆ ಬಿಳಿಬೆನ್ನಿನ ರಾಟವಾಳ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಇಂದಿಗೂ ಸ್ವತಂತ್ರವಾಗಿ ಹಾರಾಡಿಕೊಂಡಿದೆ.

ಜೀಬ್ರಾ ಫಿಂಚ್, ಬೆಂಗಾಲಿ ಫಿಂಚ್, ನಮ್ಮ ರಾಟವಾಳ ಮೂರೂ ಒಂದೇ ಕುಟುಂಬಕ್ಕೆ ಸೇರಿವೆ. ಅಂದರೆ ಪಂಜರದ ಫಿಂಚ್ ನಿಮ್ಮ ಸಜ್ಜೆ ಹೊಲದ ಹಕ್ಕಿಯ ಸೋದರ ಸಂಬಂಧಿ. ಆದ್ದರಿಂದ ಪಂಜರದ ಫಿಂಚ್‌ಗೆ ಏನು ಬೇಕು ಎಂದು ತಿಳಿಯಲು ದೊಡ್ಡ ಪುಸ್ತಕಗಳನ್ನೇ ಓದಬೇಕಾಗಿಲ್ಲ. ಹೊಲದಲ್ಲಿ ರಾಟವಾಳ ಏನು ಮಾಡುತ್ತದೆ ಎಂದು ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಸಂಬಂಧಿ ಎಂದ ಮಾತ್ರಕ್ಕೆ ಹೊಲದ ರಾಟವಾಳವನ್ನು ಹಿಡಿದು ಪಂಜರಕ್ಕೆ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಟವಾಳ, ಗಿಣಿ, ಗೀಜಗ ಮುಂತಾದ ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ರಾಟವಾಳಗಳಿಗೆ ಹಸಿರು, ಹಳದಿ ಬಣ್ಣ ಬಳಿದು ‘ವಿದೇಶಿ ಹಕ್ಕಿ’ ಎಂದು ಮಾರಿದ ಉದಾಹರಣೆಗಳೂ ಇವೆ. ಸಂತೆಯಲ್ಲಿ ಅಂಥದ್ದು ಕಂಡರೆ ಕೊಳ್ಳಬೇಡಿ. ನೀವು ಒಂದನ್ನು ಕೊಂಡರೆ ಮಾರುವವರು ಇನ್ನಷ್ಟು ಹಕ್ಕಿಗಳನ್ನು ಹಿಡಿಯುತ್ತಾರೆ.

ಕೆಲಸವಿಲ್ಲದ ಹಕ್ಕಿಗೆ ಏನಾಗುತ್ತದೆ?

ಪಂಜರದಲ್ಲಿ ಬಟ್ಟಲು ತುಂಬ ನವಣೆ ಇದೆ, ನೀರಿದೆ. ಗಿಡುಗದ ಭಯವಿಲ್ಲ. ಹಕ್ಕಿಗೆ ಇನ್ನೇನು ಬೇಕು ಎಂದು ನೀವು ಕೇಳಬಹುದು.

ಹೊಲದ ಹಕ್ಕಿ ದಿನದ ಬಹುಪಾಲು ಹೊತ್ತು ಮಾಡುವ ಕೆಲಸವನ್ನು ಪಂಜರದ ಹಕ್ಕಿ ಬಟ್ಟಲಿನ ಮುಂದೆ ಸ್ವಲ್ಪ ಹೊತ್ತಿನಲ್ಲಿ ಮುಗಿಸಿಬಿಡುತ್ತದೆ. ಉಳಿದ ಹೊತ್ತು? ಆ ಹಕ್ಕಿಯ ಕಾಲು, ರೆಕ್ಕೆ, ಕೊಕ್ಕು, ಮಿದುಳು ಎಲ್ಲವೂ ದಿನವಿಡೀ ದುಡಿಯಲೆಂದೇ ರೂಪುಗೊಂಡಿವೆ. ಆದರೆ ದುಡಿಯಲು ಕೆಲಸವೇ ಇಲ್ಲ.

1969ರಲ್ಲಿ ರೊನಾಲ್ಡ್ ಕೈಪರ್ ಎಂಬ ವಿಜ್ಞಾನಿ ಪಂಜರದ ಕ್ಯಾನರಿ ಹಕ್ಕಿಗಳ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕ್ಯಾನರಿಯೂ ಬೀಜ ತಿನ್ನುವ ಹಕ್ಕಿ, ಅದು ನಿಜವಾದ ಫಿಂಚ್ ಕುಟುಂಬದ್ದು. ಅವುಗಳಲ್ಲಿ ಎರಡು ವಿಚಿತ್ರ ವರ್ತನೆಗಳನ್ನು ಅವರು ಗಮನಿಸಿದರು. ಕೆಲವು ಹಕ್ಕಿಗಳು ಪಂಜರದೊಳಗೆ ಒಂದೇ ದಾರಿಯಲ್ಲಿ ಗಾಣದ ಎತ್ತಿನಂತೆ ಮತ್ತೆ ಮತ್ತೆ ಸುತ್ತುತ್ತಿದ್ದವು. ಕೆಲವು ಒಂದೇ ಜಾಗವನ್ನು ಸುಮ್ಮಸುಮ್ಮನೆ ಕೊಕ್ಕಿನಿಂದ ಮುಟ್ಟುತ್ತಿದ್ದವು. ಪಂಜರವನ್ನು ದೊಡ್ಡದು ಮಾಡಿದಾಗ ಅಥವಾ ತೂಗಾಡುವ ಕಡ್ಡಿ ಇಟ್ಟಾಗ ಸುತ್ತುವುದು ಕಡಿಮೆಯಾಯಿತು. ಆಹಾರಕ್ಕಾಗಿ ಹಕ್ಕಿ ಶ್ರಮಪಡುವಂತೆ ಮಾಡಿದಾಗ ಸುಮ್ಮನೆ ಕುಕ್ಕುವುದು ಕಡಿಮೆಯಾಯಿತು. ಅಂದರೆ ಒಂದೊಂದು ಕೆಟ್ಟ ಚಾಳಿಯ ಹಿಂದೆಯೂ ಒಂದೊಂದು ಕೊರತೆ ಇತ್ತು. ಒಂದಕ್ಕೆ ಹಾರಾಟದ ಕೊರತೆ, ಇನ್ನೊಂದಕ್ಕೆ ಹುಡುಕಾಟದ ಕೊರತೆ.

ಅದೇ 1969ರಲ್ಲಿ ಅಲನ್ ನ್ಯೂರಿಂಜರ್ ಎಂಬ ವಿಜ್ಞಾನಿ ಪಾರಿವಾಳ ಮತ್ತು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಾರಿವಾಳದ ಎದುರು ಬಟ್ಟಲು ತುಂಬ ಕಾಳು ಇಟ್ಟರು. ಪಕ್ಕದಲ್ಲೇ ಒಂದು ಬಿಲ್ಲೆ ಇತ್ತು. ಬಿಲ್ಲೆಯನ್ನು ಕೊಕ್ಕಿನಿಂದ ಕುಕ್ಕಿದರೆ ಅಂಥದ್ದೇ ಕಾಳು ಸಿಗುತ್ತಿತ್ತು. ಪುಕ್ಕಟೆ ಕಾಳು ಕಣ್ಣೆದುರೇ ಇದ್ದರೂ ಪಾರಿವಾಳಗಳು ಬಿಲ್ಲೆಯನ್ನು ಕುಕ್ಕಿ, ದುಡಿದು ತಿಂದವು! ದುಡಿಮೆ ಪ್ರಾಣಿಗಳಿಗೆ ಬರೀ ಕಷ್ಟವಲ್ಲ, ಅದು ಅವುಗಳ ಅಗತ್ಯವೂ ಹೌದು ಎಂದು ಇದರಿಂದ ತಿಳಿಯಿತು.

ಹಾಗಾದರೆ ಪಂಜರದ ಪ್ರಾಣಿಗೆ ಅದರ ಕೆಲಸಗಳನ್ನು ಮರಳಿ ಕೊಡಬೇಕು. ಒಳ್ಳೆಯ ಮೃಗಾಲಯಗಳಲ್ಲಿ ಹೀಗೆ ಮಾಡುತ್ತಾರೆ. ಕರಡಿಗೆ ಆಹಾರವನ್ನು ಮರದ ಪೊಟರೆಯಲ್ಲಿ ಅಡಗಿಸಿಡುತ್ತಾರೆ. ಮಂಗಗಳಿಗೆ ಜೋತಾಡಲು ಹಗ್ಗ ಕಟ್ಟುತ್ತಾರೆ. ಇದನ್ನು ಕನ್ನಡದಲ್ಲಿ ‘ಪರಿಸರ ಸಮೃದ್ಧೀಕರಣ’ ಎನ್ನಬಹುದು. ಹೆಸರು ದೊಡ್ಡದು, ಆದರೆ ಕೆಲಸ ಸರಳ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಫಿಂಚ್ ಇದ್ದರೆ ದುಡ್ಡಿಲ್ಲದೆ ನೀವೂ ಮಾಡಬಹುದು.

ಒಂದನೆಯ ಕೆಲಸ: ಹುಡುಕಿ ತಿನ್ನುವುದು

ಎಲ್ಲ ಕಾಳನ್ನೂ ಬಟ್ಟಲಿಗೆ ಸುರಿಯಬೇಡಿ. ಸಜ್ಜೆ ಅಥವಾ ನವಣೆಯ ಇಡೀ ತೆನೆಯನ್ನು ಪಂಜರದ ಮೇಲ್ಭಾಗಕ್ಕೆ ಕಟ್ಟಿ ಜೋತುಬಿಡಿ. ಹಕ್ಕಿ ಅದಕ್ಕೆ ಜೋತುಬಿದ್ದು, ತೂಗಾಡುತ್ತ ಒಂದೊಂದೇ ಕಾಳು ಕೀಳುತ್ತದೆ. ಹೊಲದ ರಾಟವಾಳ ಮಾಡುವುದೂ ಇದನ್ನೇ. ಇದರಿಂದ ಕಾಲಿಗೂ ಕೊಕ್ಕಿಗೂ ಒಟ್ಟಿಗೆ ವ್ಯಾಯಾಮವಾಗುತ್ತದೆ.

ಅಗಲವಾದ ಒಂದು ತಟ್ಟೆಯಲ್ಲಿ ಒಣಗಿದ ಶುಭ್ರವಾದ ಹುಲ್ಲನ್ನು ಹರಡಿ, ಅದರೊಳಗೆ ಸ್ವಲ್ಪ ಕಾಳು ಉದುರಿಸಿ. ಹಕ್ಕಿ ಹುಲ್ಲನ್ನು ಸರಿಸಿ ಹುಡುಕುತ್ತದೆ. ಬೀಜ ಕಟ್ಟಿದ ಹಸಿ ಹುಲ್ಲಿನ ತೆನೆಗಳನ್ನೂ ಕೊಡಬಹುದು. ಆದರೆ ಕೀಟನಾಶಕ ಸಿಂಪಡಿಸಿದ ಗದ್ದೆ, ಹೊಲದ ಬದುವಿನಿಂದ ಕೀಳಬೇಡಿ. ಬಹಳ ವಾಹನ ಓಡಾಡುವ ರಸ್ತೆಯ ಅಂಚಿನ ಹುಲ್ಲೂ ಬೇಡ. ಕಿತ್ತ ಹುಲ್ಲನ್ನು ಚೆನ್ನಾಗಿ ತೊಳೆದು ಕೊಡಿ.

ಹುಡುಕುವ ಆಟ ಹೊಸದಾಗಿ ಆರಂಭಿಸುವಾಗ ಬಟ್ಟಲಿನ ಕಾಳನ್ನು ಪೂರ್ತಿ ತೆಗೆಯಬಾರದು. ಹಕ್ಕಿ ಹೊಸ ಜಾಗದಲ್ಲಿ ತಿನ್ನಲು ಕಲಿಯುವವರೆಗೆ ಎರಡೂ ಇರಲಿ.

ಎರಡನೆಯ ಕೆಲಸ: ಹಾರುವುದು

ಗಿಣಿ ಕೊಕ್ಕು, ಕಾಲು ಬಳಸಿ ಸರಳುಗಳನ್ನು ಹತ್ತುತ್ತದೆ. ಫಿಂಚ್ ಹಾಗೆ ಹತ್ತುವ ಹಕ್ಕಿಯಲ್ಲ, ಅಡ್ಡಡ್ಡಲಾಗಿ ಹಾರುವ ಹಕ್ಕಿ. ಆದ್ದರಿಂದ ಎತ್ತರವಾದ, ಗೋಪುರದಂಥ ಪಂಜರ ಅದಕ್ಕೆ ಉಪಯೋಗವಿಲ್ಲ. ಪಂಜರ ಉದ್ದವಾಗಿರಬೇಕು. ಒಂದು ಜೋಡಿಗೆ ಕನಿಷ್ಠ ಎರಡೂವರೆಯಿಂದ ಮೂರು ಅಡಿ ಉದ್ದ ಬೇಕು, ಇನ್ನೂ ಉದ್ದವಿದ್ದರೆ ಒಳ್ಳೆಯದು. ಸರಳುಗಳ ನಡುವಿನ ಅಂತರ ಒಂದು ಸೆಂ.ಮೀ.ಗಿಂತ ಹೆಚ್ಚಿದ್ದರೆ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ.

ಕೂರುವ ಕಡ್ಡಿಗಳನ್ನು ಪಂಜರದ ಎರಡು ತುದಿಗಳಲ್ಲಿ ಇಡಿ. ನಡುವಿನ ಜಾಗ ಹಾರಲು ಖಾಲಿ ಇರಲಿ. ಕಡ್ಡಿ ನಯವಾಗಿ ಒಂದೇ ದಪ್ಪಕ್ಕೆ ಇದ್ದರೆ ಪಾದದ ಅದೇ ಜಾಗದ ಮೇಲೆ ಸದಾ ಭಾರ ಬಿದ್ದು ಹುಣ್ಣಾಗುತ್ತದೆ. ಪೇರಲ ಅಥವಾ ಬೇವಿನ, ತೊಗಟೆ ಇರುವ, ಬೇರೆ ಬೇರೆ ದಪ್ಪದ ರೆಂಬೆಗಳು ಉತ್ತಮ. ಒಂದು ರೆಂಬೆಯನ್ನು ಹುರಿಯಿಂದ ಕಟ್ಟಿ ತೂಗಾಡುವಂತೆ ಬಿಡಿ. ಗಾಳಿಗೆ ಬಾಗುವ ಹುಲ್ಲಿನ ಕಡ್ಡಿಯ ಮೇಲೆ ಕುಳಿತ ಅನುಭವ ಹಕ್ಕಿಗೆ ಸಿಗುತ್ತದೆ. ಕಣಗಿಲೆ ಮತ್ತು ಎಕ್ಕದ ಗಿಡಗಳು ವಿಷ. ಅವುಗಳ ರೆಂಬೆ, ಎಲೆ ಯಾವುದನ್ನೂ ಪಂಜರದ ಹತ್ತಿರಕ್ಕೂ ತರಬೇಡಿ.

ಕಿನ್ನಾಳದ ಬಣ್ಣದ ಗೊಂಬೆ ನೋಡಿದರೆ ನಮಗೆ ಖುಷಿಯಾಗುತ್ತದೆ. ಅಂಥ ಚೆಂದದ ಆಟಿಕೆಯನ್ನು ಹಕ್ಕಿಗೂ ಕೊಡೋಣ ಎನಿಸಬಹುದು. ಆದರೆ ಫಿಂಚ್‌ಗೆ ಬಣ್ಣದ ಗೊಂಬೆಗಿಂತ ತೂಗಾಡುವ ರೆಂಬೆಯೇ ಹೆಚ್ಚು ಇಷ್ಟ. ಪಂಜರವನ್ನು ನಮ್ಮ ಕಣ್ಣಿಗಾಗಿ ಸಿಂಗರಿಸಬಾರದು. ಆಟಿಕೆಗಳಿಂದ ತುಂಬಿದ ಪಂಜರದಲ್ಲಿ ಹಾರಲು ಜಾಗವೇ ಉಳಿಯುವುದಿಲ್ಲ.

ಮೂರನೆಯ ಕೆಲಸ: ಜೊತೆಗಾರರೊಡನೆ ಬಾಳುವುದು

ಫಿಂಚ್ ಒಂಟಿಯಾಗಿ ಬದುಕುವ ಹಕ್ಕಿಯಲ್ಲ. ಜೀಬ್ರಾ ಫಿಂಚ್‌ಗಳು ಜೋಡಿಯಾದರೆ ಸಾಮಾನ್ಯವಾಗಿ ಜೀವನಪೂರ್ತಿ ಜೊತೆಯಾಗಿರುತ್ತವೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೋಡಿಯನ್ನು ಬೇರೆ ಮಾಡಿ ನೋಡಿದರು. ಒತ್ತಡವಾದಾಗ ದೇಹದಲ್ಲಿ ಸ್ರವಿಸುವ ಹಾರ್ಮೋನು ಹಕ್ಕಿಯ ರಕ್ತದಲ್ಲಿ ಏರಿತು. ಪಕ್ಕದಲ್ಲಿ ಬೇರೆ ಹಕ್ಕಿಗಳಿದ್ದರೂ ಏರಿತು. ತನ್ನ ಸಂಗಾತಿ ಮರಳಿ ಬಂದಾಗ ಇಳಿಯಿತು.

ಜೊತೆ ಎಂಬುದು ಮಿದುಳಿಗೂ ಬೇಕು. ದೊಡ್ಡವಾದ ಮೇಲೂ ಹಾಡುಹಕ್ಕಿಗಳ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ತೋರಿಸಿಕೊಟ್ಟವರಲ್ಲಿ ಫರ್ನಾಂಡೊ ನಾಟೆಬಾಮ್ ಪ್ರಮುಖರು. ಅವರೂ ಜೊತೆಗಾರರೂ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಜೀಬ್ರಾ ಫಿಂಚ್‌ಗಳನ್ನು ದೊಡ್ಡ ಗುಂಪಿನಲ್ಲಿಟ್ಟರು. ಇನ್ನು ಕೆಲವನ್ನು ಒಂಟಿಯಾಗಿ ಅಥವಾ ಒಂದೇ ಜೊತೆಯೊಂದಿಗೆ ಇಟ್ಟರು. ಗುಂಪಿನಲ್ಲಿದ್ದವುಗಳ ಮಿದುಳಿನಲ್ಲಿ ಹೆಚ್ಚು ಹೊಸ ನರಕೋಶಗಳು ಉಳಿದುಕೊಂಡವು.

ಆದ್ದರಿಂದ ಫಿಂಚ್ ಸಾಕುವವರು ಕನಿಷ್ಠ ಎರಡನ್ನಾದರೂ ಒಟ್ಟಿಗೆ ಇಡಬೇಕು. ಕನ್ನಡಿ ಇಟ್ಟರೆ ಸಾಲದೇ? ಸಾಲದು. ಕನ್ನಡಿಯ ಹಕ್ಕಿ ಕೂಗಿಗೆ ಉತ್ತರ ಕೊಡುವುದಿಲ್ಲ, ಗರಿ ಒಪ್ಪ ಮಾಡುವುದಿಲ್ಲ. ಹಾಗೆಂದು ಸಣ್ಣ ಪಂಜರದಲ್ಲಿ ಹತ್ತು ಹಕ್ಕಿ ತುಂಬಿದರೆ ಜಗಳವಾಡಿ ಗರಿ ಕಿತ್ತುಕೊಳ್ಳುತ್ತವೆ. ಜೊತೆಯೂ ಬೇಕು, ಜಾಗವೂ ಬೇಕು.

ನಾಲ್ಕನೆಯ ಕೆಲಸ: ಮೀಯುವುದು, ಕಟ್ಟುವುದು

ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು ಆಳವಿಲ್ಲದಷ್ಟು ನೀರನ್ನು ಅಗಲವಾದ ಮಣ್ಣಿನ ಮುಚ್ಚಳದಲ್ಲಿ ಬೆಳಗಿನ ಹೊತ್ತು ಇಡಿ. ಫಿಂಚ್ ಅದರಲ್ಲಿ ರೆಕ್ಕೆ ಬಡಿದು ಮೀಯುತ್ತದೆ. ಆಮೇಲೆ ಬಹಳ ಹೊತ್ತು ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ಸರಿಪಡಿಸುತ್ತದೆ. ಮಿಂದಾದ ಮೇಲೆ ಆ ನೀರನ್ನು ತೆಗೆದುಬಿಡಿ. ಕುಡಿಯುವ ನೀರು ಬೇರೆಯೇ ಇರಲಿ. ಜೀಬ್ರಾ ಫಿಂಚ್ ಕುಡಿಯುವುದನ್ನು ಗಮನಿಸಿ. ಕೋಳಿಯಂತೆ ತಲೆ ಮೇಲೆತ್ತಿ ನೀರು ಇಳಿಸುವುದಿಲ್ಲ, ಪಾರಿವಾಳದಂತೆ ಕೊಕ್ಕು ಮುಳುಗಿಸಿ ಹೀರುತ್ತದೆ.

ಒಣ ಹುಲ್ಲಿನ ಎಳೆ, ತೆಂಗಿನ ನಾರು ಕೊಟ್ಟರೆ ಹಕ್ಕಿ ಅವುಗಳನ್ನು ಹೊತ್ತು ತಿರುಗಾಡುತ್ತದೆ. ನೂಲು, ದಾರ, ಕೂದಲು ಮಾತ್ರ ಕೊಡಬೇಡಿ. ಅವು ಕಾಲಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಹರಿಯದೆ ಬೆರಳೇ ಉದುರಿಹೋಗುತ್ತದೆ. ನಾರನ್ನೂ ಬೆರಳುದ್ದಕ್ಕೆ ಕತ್ತರಿಸಿ ಕೊಡಿ. ಗೂಡಿನ ಬುಟ್ಟಿಯನ್ನು ವರ್ಷವಿಡೀ ಇಡಬಾರದು. ಗೂಡು ಸದಾ ಇದ್ದರೆ ಹೆಣ್ಣು ಬಿಡುವಿಲ್ಲದೆ ಮೊಟ್ಟೆಯಿಟ್ಟು ಸೊರಗುತ್ತದೆ. ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದ ಅಂಶ ಅದರ ಮೈಯಿಂದಲೇ ಹೋಗುತ್ತದೆ. ಕೋಳಿಮೊಟ್ಟೆಯ ಚಿಪ್ಪನ್ನು ನೀರಿನಲ್ಲಿ ಕುದಿಸಿ, ಒಣಗಿಸಿ, ಪುಡಿಮಾಡಿ ಇಟ್ಟರೆ ಈ ಕೊರತೆ ನೀಗಲು ಸಹಾಯವಾಗುತ್ತದೆ.

ಐದನೆಯ ಕೆಲಸ: ಹಾಡುವುದು, ಮಲಗುವುದು

ಜೀಬ್ರಾ ಫಿಂಚ್‌ಗಳಲ್ಲಿ ಹಾಡುವುದು ಗಂಡು ಮಾತ್ರ. ಆ ಹಾಡು ಹುಟ್ಟಿನಿಂದ ಬಂದದ್ದಲ್ಲ. ನೀವು ಮಾತು ಕಲಿತಂತೆ ಮರಿಯೂ ಕೇಳಿ ಕೇಳಿ ಕಲಿಯುತ್ತದೆ. ಮೊಟ್ಟೆಯೊಡೆದ ಸುಮಾರು 25ನೇ ದಿನದಿಂದ 90ನೇ ದಿನದೊಳಗೆ ಅದು ಅಪ್ಪನ ಹಾಡನ್ನು ಕೇಳಿ, ತೊದಲಿ, ತಿದ್ದಿಕೊಂಡು ತನ್ನದಾಗಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಅಪ್ಪನಿಂದ ದೂರವಾಗಿ ಒಂಟಿಯಾಗಿ ಬೆಳೆದ ಮರಿಯ ಹಾಡು ಸರಿಯಾಗಿ ಬರುವುದಿಲ್ಲ.

2000ನೇ ಇಸವಿಯಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೋಲಿಯಾಷ್ ಇನ್ನೊಂದು ಸೋಜಿಗವನ್ನು ತಿಳಿಸಿದರು. ಹಾಡುವಾಗ ಜೀಬ್ರಾ ಫಿಂಚ್‌ನ ಮಿದುಳಿನ ನರಕೋಶಗಳು ಯಾವ ಕ್ರಮದಲ್ಲಿ ಮಿಡಿಯುತ್ತವೆಯೋ, ಅದು ನಿದ್ದೆ ಮಾಡುವಾಗಲೂ ಅದೇ ಕ್ರಮದ ಮಿಡಿತ ಕಾಣಿಸಿಕೊಳ್ಳುತ್ತದೆ. ಹಕ್ಕಿ ನಿದ್ದೆಯಲ್ಲೂ ಪಾಠ ಒಪ್ಪಿಸುತ್ತಿರುವಂತಿದೆ! ಆದ್ದರಿಂದ ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲು ಮತ್ತು ಸದ್ದಿಲ್ಲದ ಜಾಗ ಅದಕ್ಕೆ ಬೇಕು. ಟಿ.ವಿ. ಪಕ್ಕದಲ್ಲಿ ಪಂಜರ ಇಡುವುದು ತಪ್ಪು. ಒಲೆಯ ಹೊಗೆ ಬರುವ ಜಾಗವೂ ಆಗದು.

ಜೀವಕ್ಕೇ ಕುತ್ತು ತರುವ ಎರಡು ಸಂಗತಿಗಳು

ಮೊದಲನೆಯದು ಹೊಟ್ಟು. ಫಿಂಚ್ ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಬಟ್ಟಲಿನಲ್ಲೇ ಬಿಡುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಆದರೆ ಒಳಗೆ ಬರೀ ಹೊಟ್ಟು! ಹನ್ನೆರಡು ಗ್ರಾಂ ತೂಕದ ಹಕ್ಕಿಯ ಮೈಯಲ್ಲಿ ಕೂಡಿಟ್ಟ ಕೊಬ್ಬು ಬಹಳ ಕಡಿಮೆ. ತಿನ್ನಲು ಏನೂ ಸಿಗದಿದ್ದರೆ ಅದು ಬೇಗ ಸಾಯುತ್ತದೆ. ‘ಬಟ್ಟಲು ತುಂಬಿತ್ತು, ಆದರೂ ಸತ್ತಿತು’ ಎನ್ನುವವರ ಹಕ್ಕಿ ಹಸಿವಿನಿಂದಲೇ ಸತ್ತಿರಬಹುದು. ಪ್ರತಿದಿನ ಬೆಳಿಗ್ಗೆ ಬಟ್ಟಲನ್ನು ಹೊರಗೆ ತಂದು ಮೆಲ್ಲಗೆ ಊದಿ ನೋಡಿ. ಮೊರದಲ್ಲಿ ಕೇರಿದಂತೆ ಹೊಟ್ಟು ಹಾರಿಹೋಗುತ್ತದೆ. ಉಳಿದದ್ದೇ ನಿಜವಾದ ಆಹಾರ.

ಎರಡನೆಯದು ಬಿಸಿಲು. ನಮ್ಮ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಿರುತ್ತವೆ. ತಗಡಿನ ಚಾವಣಿಯ ಕೆಳಗೆ ಇನ್ನೂ ಹೆಚ್ಚು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತ ಮೈ ತಂಪು ಮಾಡಿಕೊಳ್ಳುತ್ತವೆ. ಆಗ ಮೈಯ ನೀರು ಆವಿಯಾಗಿ ಹೋಗುತ್ತದೆ. ಜೀಬ್ರಾ ಫಿಂಚ್ ಒಣನಾಡಿನ ಹಕ್ಕಿಯೇ ನಿಜ, ಆದರೆ ತನ್ನ ನಾಡಿನಲ್ಲಿ ಅದು ನೆರಳಿಗೆ ಹೋಗುತ್ತದೆ, ನೀರಿನ ಕಡೆ ಹಾರುತ್ತದೆ. ಪಂಜರದ ಹಕ್ಕಿ ಎಲ್ಲಿಗೆ ಹೋಗಬೇಕು? ನೆರಳನ್ನು ನಾವೇ ಅದರ ಬಳಿ ಒಯ್ಯಬೇಕು. ಗಾಳಿಯಾಡುವ ನೆರಳಿನಲ್ಲಿ ಪಂಜರ ಇಡಿ. ಒಂದು ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ, ಇನ್ನೊಂದು ಬದಿ ಗಾಳಿಗೆ ತೆರೆದಿರಲಿ. ನೀರನ್ನು ದಿನಕ್ಕೆ ಎರಡು ಮೂರು ಬಾರಿ ಬದಲಿಸಿ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು ಕುಳಿತಿದ್ದರೆ ಅದಕ್ಕೆ ಸೆಕೆ ತಾಳಲಾಗುತ್ತಿಲ್ಲ ಎಂದರ್ಥ. ತಕ್ಷಣ ತಂಪಾದ ಜಾಗಕ್ಕೆ ಒಯ್ಯಿರಿ.

ನಿಮಗೆ ಗೊತ್ತೇ?

ಮೊಟ್ಟೆಯೊಳಗಿನ ಮರಿಗೆ ಅಪ್ಪ ಅಮ್ಮ ಹವಾಮಾನ ವರದಿ ಹೇಳುತ್ತಾರೆ! ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಮಿಲೀನ್ ಮಾರಿಯೆಟ್ ಮತ್ತು ಕ್ಯಾಥರಿನ್ ಬುಕ್ಯಾನನ್ 2016ರಲ್ಲಿ ಇದನ್ನು ಪ್ರಕಟಿಸಿದರು. ತಾಪ 26 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದಾಗ, ಮೊಟ್ಟೆಯೊಡೆಯುವ ಕೊನೆಯ ದಿನಗಳಲ್ಲಿ, ಕಾವು ಕೊಡುವ ಜೀಬ್ರಾ ಫಿಂಚ್‌ಗಳು ಒಂದು ವಿಶೇಷ ಕೂಗು ಕೂಗುತ್ತವೆ. ಮೊಟ್ಟೆಯೊಳಗೇ ಆ ಕೂಗು ಕೇಳಿಸಿಕೊಂಡ ಮರಿಗಳು ಬಿಸಿಯಾದ ಗೂಡಿನಲ್ಲಿ ಕಡಿಮೆ ತೂಕದವಾಗಿ ಬೆಳೆದವು. ಸಣ್ಣ ಮೈ ಬೇಗ ತಂಪಾಗುತ್ತದೆಯಲ್ಲವೇ?

ಮಾಡಿ ನೋಡಿ: ಹಕ್ಕಿಯ ದಿನಚರಿ

ಬೇಕಾದ ವಸ್ತುಗಳು: ಒಂದು ನೋಟ್‌ಪುಸ್ತಕ, ಪೆನ್ಸಿಲ್, ಗಡಿಯಾರ.

1. ಪುಟದಲ್ಲಿ ಆರು ಕಂಬಸಾಲುಗಳನ್ನು ಎಳೆಯಿರಿ. ತಿನ್ನುವುದು/ಹುಡುಕುವುದು, ಹಾರುವುದು, ಗರಿ ಒಪ್ಪ ಮಾಡುವುದು, ಕೂಗುವುದು/ಹಾಡುವುದು, ಸುಮ್ಮನೆ ಕೂರುವುದು, ಇತರೆ ಎಂದು ಮೇಲೆ ಬರೆಯಿರಿ.

2. ಪಂಜರದಿಂದ ಸ್ವಲ್ಪ ದೂರ ಅಲುಗಾಡದೆ ಕುಳಿತುಕೊಳ್ಳಿ. ಐದು ನಿಮಿಷ ಏನೂ ಬರೆಯಬೇಡಿ. ಹಕ್ಕಿ ನಿಮಗೆ ಹೊಂದಿಕೊಳ್ಳಲಿ.

3. ನಂತರ ಒಂದೇ ಹಕ್ಕಿಯನ್ನು ಆರಿಸಿಕೊಂಡು ನಿಮಿಷಕ್ಕೊಮ್ಮೆ ನೋಡಿ. ಆ ಕ್ಷಣದಲ್ಲಿ ಅದು ಏನು ಮಾಡುತ್ತಿದೆಯೋ ಆ ಕಂಬಸಾಲಿನಲ್ಲಿ ಒಂದು ಗೆರೆ ಹಾಕಿ. ಹೀಗೆ 30 ನಿಮಿಷ ಮಾಡಿದರೆ 30 ಗೆರೆಗಳಾಗುತ್ತವೆ.

4. ಶೇಕಡಾ ಲೆಕ್ಕ ಹಾಕಿ. ‘ಸುಮ್ಮನೆ’ ಎಂಬಲ್ಲಿ 21 ಗೆರೆಗಳಿವೆ ಎಂದುಕೊಳ್ಳಿ. 21ನ್ನು 30ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ 70.

5. ಮೂರು ದಿನ ಅದೇ ಹೊತ್ತಿನಲ್ಲಿ ಹೀಗೆ ಗುರುತು ಮಾಡಿ. ನಾಲ್ಕನೆಯ ದಿನ ಒಂದೇ ಒಂದು ಬದಲಾವಣೆ ಮಾಡಿ. ಉದಾಹರಣೆಗೆ, ಸಜ್ಜೆಯ ತೆನೆ ಕಟ್ಟಿ. ಮತ್ತೆ ಮೂರು ದಿನ ಗುರುತು ಮಾಡಿ ಹೋಲಿಸಿ.

ಒಂದೇ ಬದಲಾವಣೆ ಏಕೆ? ತೆನೆಯನ್ನೂ ಕಟ್ಟಿ, ರೆಂಬೆಯನ್ನೂ ಬದಲಿಸಿ, ಸ್ನಾನಕ್ಕೂ ಇಟ್ಟರೆ ಹಕ್ಕಿ ಚುರುಕಾಗಬಹುದು. ಆದರೆ ಯಾವುದರಿಂದ ಚುರುಕಾಯಿತು ಎಂದು ಹೇಳಲಾಗುವುದಿಲ್ಲ. ಹೊಸ ವಸ್ತು ಕಂಡ ಮೊದಲ ದಿನ ಹಕ್ಕಿ ಹೆದರಿ ಮೂಲೆಯಲ್ಲಿ ಕೂರಬಹುದು. ಅದನ್ನು ನೋಡಿ ಪ್ರಯೋಗ ಸೋತಿತು ಎಂದುಕೊಳ್ಳಬೇಡಿ, ಎರಡು ದಿನ ಕಾಯಿರಿ. ಬಟ್ಟಲು, ಪಂಜರ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ನಿಮ್ಮ ಊರಿನಲ್ಲಿ ಪಂಜರದ ಹಕ್ಕಿ ಇಲ್ಲವೇ? ಒಳ್ಳೆಯದೇ ಆಯಿತು. ಇದೇ ಪಟ್ಟಿಯನ್ನು ಹಿಡಿದು ಹೊಲದ ಬದುವಿಗೋ ಶಾಲೆಯ ಬೇಲಿಯ ಕಡೆಗೋ ಹೋಗಿ, ರಾಟವಾಳವನ್ನೋ ಗುಬ್ಬಿಯನ್ನೋ ಗಮನಿಸಿ. ಎರಡೂ ಬಗೆಯ ಪಟ್ಟಿಗಳಿದ್ದರೆ ತರಗತಿಯ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿ. ಹೊಲದ ಹಕ್ಕಿಯ ಪಟ್ಟಿಯಲ್ಲಿ ತುಂಬಿರುವ ಯಾವ ಕಂಬಸಾಲು ಪಂಜರದ ಹಕ್ಕಿಯ ಪಟ್ಟಿಯಲ್ಲಿ ಖಾಲಿ ಇದೆ? ಪಂಜರದಲ್ಲಿ ಇಲ್ಲದಿರುವುದು ಅದೇ.

ಸಾಕಬೇಕೇ, ಬೇಡವೇ?

ಈಗಾಗಲೇ ಫಿಂಚ್ ಸಾಕಿರುವವರು ಮೇಲೆ ಹೇಳಿದ್ದನ್ನೆಲ್ಲ ಮಾಡಬಹುದು. ಅಯ್ಯೋ ಪಾಪ ಎಂದು ಜೀಬ್ರಾ ಫಿಂಚ್ ಅನ್ನು ಹೊರಗೆ ಹಾರಿಬಿಡುವುದು ಸರಿಯಲ್ಲ. ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಆ ಹಕ್ಕಿಗೆ ಇಲ್ಲಿನ ಮೇವೂ ತಿಳಿಯದು, ಇಲ್ಲಿನ ಶತ್ರುಗಳೂ ತಿಳಿಯವು. ಅದಕ್ಕೆ ನೀವೇ ಆಸರೆ.

ಹೊಸದಾಗಿ ಕೊಳ್ಳಬೇಕು ಎನ್ನುವವರು ಮೊದಲು ತಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಲಿ. ಎರಡು ಹಕ್ಕಿಗೆ ಮೂರು ಅಡಿ ಉದ್ದದ ಪಂಜರ ಕೊಡಬಲ್ಲೆನೇ? ಶಾಲೆ ಇರಲಿ, ಜಾತ್ರೆ ಇರಲಿ, ಊರಿಗೆ ಹೋಗುವುದಿರಲಿ, ಪ್ರತಿದಿನ ಹೊಟ್ಟು ಊದಿ ಕಾಳು ಹಾಕಲು ಮನೆಯಲ್ಲಿ ಯಾರಾದರೂ ಇರುತ್ತಾರೆಯೇ? ಮೇ ತಿಂಗಳ ಮಧ್ಯಾಹ್ನಕ್ಕೆ ನೆರಳು ಎಲ್ಲಿ? ಒಂದು ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬಂದರೂ ಹಕ್ಕಿ ತರದಿರುವುದೇ ಲೇಸು.

ಪಂಜರವಿಲ್ಲದೆಯೂ ಹಕ್ಕಿಗಳ ಸ್ನೇಹ ಮಾಡಬಹುದು. ಶಾಲೆಯ ಅಂಗಳದಲ್ಲಿ ಬೆಕ್ಕು ಹಾರಿ ಹಿಡಿಯಲಾಗದಂಥ ತೆರೆದ ಜಾಗದಲ್ಲಿ ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಡಿ, ದಿನವೂ ತೊಳೆದು ಬದಲಿಸಿ. ಬೇಲಿಯ ಒಂದು ಮೂಲೆಯ ಹುಲ್ಲನ್ನು ಬೀಜ ಕಟ್ಟುವವರೆಗೆ ಕೊಯ್ಯದೆ ಬಿಡಿ. ಕೊಯ್ಲಿನಲ್ಲಿ ಉಳಿದ ಎರಡು ಸಜ್ಜೆ ತೆನೆಗಳನ್ನು ಬೇವಿನ ಮರಕ್ಕೆ ಕಟ್ಟಿ. ಕೆಲವು ದಿನಗಳಲ್ಲಿ ಗುಬ್ಬಿ, ರಾಟವಾಳಗಳು ತಾವಾಗಿಯೇ ಬರಬಹುದು. ತೆನೆಗೆ ಜೋತುಬಿದ್ದು ಕಾಳು ಕೀಳುವ ಹಕ್ಕಿಯನ್ನು ಪಾಠದ ಬಿಡುವಿನಲ್ಲಿ ನೋಡಿ. ಅದು ಬಂದದ್ದು, ಹೋದದ್ದು, ಮಾಡಿದ್ದು ಎಲ್ಲವನ್ನೂ ದಿನಾಂಕ, ಸಮಯದೊಂದಿಗೆ ಬರೆದಿಡಿ. ಒಂದು ವರ್ಷ ಬರೆದರೆ ನಿಮ್ಮ ಶಾಲೆಯ ಹಕ್ಕಿಗಳ ಬಗ್ಗೆ ನಿಮಗಿಂತ ಹೆಚ್ಚು ತಿಳಿದವರು ಯಾರೂ ಇರುವುದಿಲ್ಲ.